ಕೀಲಿ ಸರಿಯಿದೆ, ಫೋಟೊ ಮಾತ್ರ ತೆರೆಯುತ್ತಿಲ್ಲ!

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದ ವಿದ್ಯಾರ್ಥಿ. ಕೇಯಾಸ್ ಥಿಯರಿ (ಶುರುವಿನ ಚೂರು ವ್ಯತ್ಯಾಸವೂ ಮುಂದೆ ಭಾರೀ ಆಗುವ ಲೆಕ್ಕಗಳ ಗಣಿತ) ಬಳಸಿ ಫೋಟೊ ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಕೀಲಿ ಇಲ್ಲದೆ ನೋಡಲಾಗದಂತೆ ಲಾಕ್ ಮಾಡುವುದು ನಮ್ಮ ಪ್ರಾಜೆಕ್ಟ್. ಲಾಜಿಸ್ಟಿಕ್ ಮ್ಯಾಪ್ ಅಂದರೆ ಬಂದ ಉತ್ತರವನ್ನೇ ಸುತ್ತಿನಿಂದ ಸುತ್ತಿಗೆ ಮತ್ತೆ ಹಾಕುವ ಚಿಕ್ಕ ಸೂತ್ರ, ಅದರಿಂದ ಬರುವ ಸಂಖ್ಯೆಗಳನ್ನು ಪಿಕ್ಸೆಲ್‌ಗಳ ಜೊತೆ ಎಕ್ಸಾರ್ (ಎರಡು ಸಲ ಮಾಡಿದರೆ ಮೊದಲಿನದೇ ವಾಪಸ್ ಬರುವಂತೆ ಬಿಟ್‌ಗಳನ್ನು ಬೆರೆಸುವ ಲೆಕ್ಕ) ಮಾಡುತ್ತೇವೆ. ಇಲ್ಲಿನ ಕೋಟೆಯ ತೋಪಿನ ಫೋಟೊ ಲ್ಯಾಪ್‌ಟಾಪಿನಲ್ಲಿ ಲಾಕ್ ಆಗಿ ಸರಿಯಾಗಿ ವಾಪಸ್ ಬರುತ್ತದೆ. ಅದೇ ಕೀಲಿ ಕೊಟ್ಟು ಮೊಬೈಲಿನಲ್ಲಿ ತೆರೆದರೆ ಬರೀ ಚುಕ್ಕಿ ಚುಕ್ಕಿ. ಯಾಕೆ? ಇನ್ನೊಂದು, ಇದನ್ನು ಯಾರೂ ಒಡೆಯಲಾರರು ಅಂತ ರಿಪೋರ್ಟಿನಲ್ಲಿ ಬರೆಯಬಹುದಾ?

ಉತ್ತರ: ಎರಡನೆಯದು ಮೊದಲು. ಬರೆಯಬೇಡಿ.

ಈಗ ಮೊಬೈಲಿನ ವಿಷಯ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೆ ಓಡಿಸುವಾಗ 0.506127 ಬದಲು 0.506 ಅಂತ ಕೊಟ್ಟರು, ಸ್ವಲ್ಪ ಹೊತ್ತಿಗೆ ಲೆಕ್ಕ ಪೂರ್ತಿ ಬೇರೆ ದಾರಿ ಹಿಡಿಯಿತು. ನೀವು ಕೇಯಾಸ್ ಆರಿಸಿಕೊಂಡದ್ದೇ ಈ ಗುಣಕ್ಕೆ, ಕೀಲಿ ಚೂರು ತಪ್ಪಿದರೂ ಫೋಟೊ ಬರಬಾರದು ಅಂತ. ಆದರೆ ಅದೇ ಗುಣ ನಿಮಗೂ ತಿರುಗಿ ಬೀಳುತ್ತದೆ. ಕಂಪ್ಯೂಟರ್ ದಶಾಂಶ ಸಂಖ್ಯೆ ಇಡುವ ಡಬಲ್ ಅನ್ನೋ ಬಗೆಯಲ್ಲಿ ನಿಖರತೆಗೆ ಇರೋದು 53 ಬಿಟ್, ಅಂದರೆ ಸುಮಾರು 16 ಅಂಕಿ. ಒಂದು ಕಡೆ ಡಬಲ್, ಇನ್ನೊಂದು ಕಡೆ ಅದಕ್ಕಿಂತ ಕಡಿಮೆ ನಿಖರತೆಯ ಫ್ಲೋಟ್ ಇದ್ದರೆ, ಅಥವಾ ಗುಣಿಸುವ ಕ್ರಮ ಬೇರೆ ಆದರೂ ಸಾಕು, ಕೊನೆಯ ಅಂಕಿ ಬದಲಾಗಬಹುದು. ಆ ಫರಕ್ ಸುತ್ತಿನಿಂದ ಸುತ್ತಿಗೆ ಹತ್ತಿರ ಹತ್ತಿರ ಎರಡು ಪಟ್ಟು ಆಗುತ್ತಾ ಹೋಗಿ, ಡಬಲ್‌ನಲ್ಲೂ ಸುಮಾರು 60 ಸುತ್ತಿಗೆಲ್ಲ ಎರಡು ಲೆಕ್ಕಕ್ಕೂ ಸಂಬಂಧವೇ ಉಳಿಯುವುದಿಲ್ಲ. ನಿಮ್ಮ ಫೋಟೊದಲ್ಲಿ ಲಕ್ಷಗಟ್ಟಲೆ ಪಿಕ್ಸೆಲ್ ಇವೆ, ಅಲ್ವಾ?

ದಶಾಂಶ ಬಿಟ್ಟು ಪೂರ್ಣಾಂಕದಲ್ಲಿ ಲೆಕ್ಕ ಮಾಡಿ, ಎಲ್ಲ ಕಡೆ ಒಂದೇ ಉತ್ತರ ಬರುತ್ತದೆ. ಆದರೂ ಕಂಪ್ಯೂಟರಿನಲ್ಲಿ ಸಂಖ್ಯೆಗಳಿಗೆ ಮಿತಿ ಇದೆ, ಹಾಗಾಗಿ ಸಂಖ್ಯೆಗಳ ಸಾಲು ಎಲ್ಲೋ ಒಂದು ಕಡೆ ತಿರುಗಿ ಅದೇ ಜಾಗಕ್ಕೆ ಬರಲೇಬೇಕು. ಮ್ಯಾಥ್ಯೂಸ್ ಎಂಬ ಸಂಶೋಧಕರು ಇಂಥ ವಿಧಾನ ಪ್ರಕಟಿಸಿದ್ದು 1989ರಲ್ಲಿ, ವೀಲರ್ ಎಂಬ ಇನ್ನೊಬ್ಬರು ಈ ಕೊರತೆಯನ್ನು ಎತ್ತಿ ತೋರಿಸಿದ್ದೂ ಅದೇ ವರ್ಷ.

ಅದಕ್ಕಿಂತ ದೊಡ್ಡ ತೂತು ಬೇರೆ ಇದೆ. ಒಂದೇ ಕೀಲಿಯಿಂದ ಎರಡು ಫೋಟೊ ಲಾಕ್ ಮಾಡಿ, ಆ ಎರಡನ್ನೂ ಒಂದಕ್ಕೊಂದು ಎಕ್ಸಾರ್ ಮಾಡಿ ನೋಡಿ. ಕೇಯಾಸ್ ಪೂರ್ತಿ ಕಳಚಿ, ಎರಡು ಚಿತ್ರಗಳೂ ಒಂದರ ಮೇಲೊಂದು ಕಾಣುತ್ತವೆ! ಕೀಲಿ ಬೇಕೇ ಆಗಲಿಲ್ಲ. ಹಿಸ್ಟೋಗ್ರಾಮ್ (ಪಿಕ್ಸೆಲ್‌ನ ಯಾವ ಬೆಲೆ ಎಷ್ಟು ಸಲ ಬಂದಿದೆ ಅನ್ನೋ ಗ್ರಾಫ್) ಸಪಾಟಾಗಿದೆ, ಎಂಟ್ರೊಪಿ (ಬೆಲೆಗಳು ಎಷ್ಟು ಕಲಸಿಹೋಗಿವೆ ಅನ್ನೋ ಅಳತೆ, ಹೆಚ್ಚೆಂದರೆ ಎಂಟು) ಎಂಟರ ಹತ್ತಿರ ಇದೆ ಅಂತ ಪುಟಗಟ್ಟಲೆ ಗ್ರಾಫ್ ಹಾಕುತ್ತಾರಲ್ಲ, ಅದು ಈ ತೂತನ್ನು ತೋರಿಸುವುದೇ ಇಲ್ಲ.

ಹಾಗಂತ ಕೇಯಾಸ್ ಸುಮ್ನೆ ಅಲ್ಲ. ಯಂತ್ರದಲ್ಲೇ ಹುಟ್ಟುವ ಕೇಯಾಸ್‌ಗೆ ಬೆಲೆ ಇದೆ. ಎರಡು ಕೇಯಾಸ್ ಸರ್ಕಿಟ್‌ಗಳು ಒಂದೇ ತಾಳಕ್ಕೆ ಬರಬಲ್ಲವು ಅಂತ ಪೆಕೋರಾ ಮತ್ತು ಕ್ಯಾರಲ್ ಎಂಬ ವಿಜ್ಞಾನಿಗಳು 1990ರಲ್ಲಿ ತೋರಿಸಿದರು. ಆ ದಾರಿಯಲ್ಲೇ 2005ರಲ್ಲಿ ಅಥೆನ್ಸ್ ನಗರದ 120 ಕಿಲೋಮೀಟರ್ ಫೈಬರಿನಲ್ಲಿ ಲೇಸರ್ ಕೇಯಾಸ್ ಒಳಗೆ ಸಂದೇಶ ಅಡಗಿಸಿ ಕಳಿಸಿದ್ದಾರೆ. ಇಂಥ ಲೇಸರಿನಿಂದ ರ‍್ಯಾಂಡಮ್ ಬಿಟ್‌ಗಳನ್ನೂ ತೆಗೆಯಬಹುದು. ನನಗೆ ಜಾಸ್ತಿ ಭರವಸೆ ಇರೋದು ಅದರ ಮೇಲೆ.

ನಿಮ್ಮ ಪ್ರಾಜೆಕ್ಟಿನಲ್ಲಿ ನಿಜವಾದ ಬೀಗದ ಕೆಲಸ ಎಇಎಸ್ ಅನ್ನೋ ಪ್ರಮಾಣಿತ ಎನ್‌ಕ್ರಿಪ್ಶನ್ ವಿಧಾನಕ್ಕೆ ಬಿಡಿ, ವಾಟ್ಸಾಪ್ ಕೂಡ ಬಳಸೋದು ಅದನ್ನೇ. ಪಕ್ಕದಲ್ಲಿ ನಿಮ್ಮ ವಿಧಾನ ಇಟ್ಟು, ಅದು ಎಲ್ಲೆಲ್ಲಿ ಒಡೆಯುತ್ತದೆ ಅಂತ ನೀವೇ ಒಡೆದು ತೋರಿಸಿ. ವೈವಾದಲ್ಲಿ ಮಾತಾಡೋಕೆ ಅಷ್ಟು ಸಾಕು.