ಮೇಷ್ಟ್ರ ಡಬ್ಬಿಯ ಫ್ಲೈ ನೀರಿಗೆ ಹಾಕಲೋ, ಬೇಡವೋ?

ಪ್ರಶ್ನೆ: ನಾನು ಹಾಸನದ ಕಡೆಯವನು, ಒಂಬತ್ತು ವರ್ಷದಿಂದ ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದೇನೆ. ಇಲ್ಲಿನ ಗನ್‌ಪೌಡರ್ ನದಿಯಲ್ಲಿ ಒಬ್ಬ ಹಿರಿಯರು ನನಗೆ ಫ್ಲೈ ಫಿಶಿಂಗ್, ಅಂದರೆ ಗರಿಯಿಂದ ಮಾಡಿದ ಹುಸಿ ಹುಳ ಹಾಕಿ ಮೀನು ಹಿಡಿಯುವುದನ್ನು ಕಲಿಸಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಮೊದಲ ಎರಡು ತಿಂಗಳು ನನ್ನ ಮೊಣಕೈ ಕೆಳಗೆ ತಮ್ಮ ಅಂಗೈ ಹಿಡಿದುಕೊಂಡೇ ನಿಲ್ಲುತ್ತಿದ್ದರು. ಮಾತೆತ್ತಿದರೆ, ಫ್ಲೈ ಫಿಶಿಂಗ್‌ನ ಹೆಸರಾಂತ ಗುರು ‘ಲೆಫ್ಟಿ ಕ್ರೇ ಹೀಗೆ ಹೇಳ್ತಿದ್ರು’ ಅನ್ನುವರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರನ್ನು ನೆನೆಯಲು ಸೇರಿದ್ದಾಗ ನನಗೂ ಎರಡು ಮಾತಾಡಿ ಅಂದರು, ಗಂಟಲು ಕಟ್ಟಿತು, ಬರೀ ಥ್ಯಾಂಕ್ಸ್ ಹೇಳಿ ಕೂತುಬಿಟ್ಟೆ. ಅವರ ಹೆಂಡತಿ ಫ್ಲೈ ಡಬ್ಬಿಯನ್ನು ನನ್ನ ಕೈಗಿಟ್ಟರು. ಅದರಲ್ಲಿ ಬೆರಳುದ್ದದ, ಬಿಳಿ ಗರಿಯ ಒಂದು ಫ್ಲೈ ಇದೆ, ಅವರು ಅದನ್ನು ನದಿಗೆ ಹಾಕಿದ್ದು ನೋಡೇ ಇಲ್ಲ. ಊರಿಗೆ ಫೋನ್ ಮಾಡಿದರೆ ಅಣ್ಣ, ‘ಹಿಡಿದ ಮೀನನ್ನ ವಾಪಸ್ ಬಿಡೋಕೂ ಒಬ್ಬ ಮೇಷ್ಟ್ರು ಬೇಕಿತ್ತಾ?’ ಎಂದು ನಕ್ಕ. ಈ ಡಬ್ಬಿಯನ್ನು ಹಾಗೇ ಎತ್ತಿಡಲೇ, ಬಳಸಲೇ?
— ಹೆಸರು ಬೇಡ ಎಂದವರು, ಬಾಲ್ಟಿಮೋರ್ ಹತ್ತಿರ

ಉತ್ತರ: ಅಣ್ಣನ ಮೇಲೆ ಸಿಟ್ಟಾಗಬೇಡಿ. ನಮ್ಮ ಕಡೆ ಗಾಳ ಅಂದರೆ ಎರೆಹುಳು, ಕಾವೇರಿ ದಂಡೆಯಲ್ಲಾದರೆ ರಾಗಿ ಮುದ್ದೆ, ಮೀನು ಬಿದ್ದರೆ ರಾತ್ರಿಗೆ ಸಾರು. ಅವರಿಗೆ ಇಷ್ಟು ಹೇಳಿ ಸಾಕು: ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಅಂದರೆ ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ ಹುಸಿ ಹುಳ, ಊದಿದರೆ ಹಾರುವಷ್ಟು ಹಗುರ. ಅದನ್ನು ಎಸೆಯೋಕೇ ಆಗಲ್ಲ. ತೂಕ ಇರುವುದು ದಾರಕ್ಕೆ, ಆ ದಾರವನ್ನು ಗಾಳಿಯಲ್ಲಿ ಹಿಂದಕ್ಕೆ ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟು ಆಮೇಲೆ ಮುಂದಕ್ಕೆ ತರಬೇಕು. ಪುಸ್ತಕ ಓದಿ ಇದು ಕೈಗೆ ಹತ್ತುವುದು ಕಷ್ಟ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಇನ್ನು ಆ ಅಂಗೈ ವಿಷಯ. ಅದು ಎಲ್ಲಿಂದ ಬಂತು ಗೊತ್ತಾ? ಹಿಂದೆ ಗಡಿಯಾರದ ಲೆಕ್ಕದಲ್ಲಿ ಕಲಿಸುತ್ತಿದ್ದರು, ಕೋಲು ಗಡಿಯಾರದ ಮುಳ್ಳಿನ ಹಾಗೆ ಹತ್ತರ ಅಂಕಿಯಿಂದ ಎರಡರ ಅಂಕಿಯವರೆಗೆ ಮಾತ್ರ ಆಡಬೇಕು ಅಂತ. ಲೆಫ್ಟಿ ಅದನ್ನು ಒಪ್ಪಲಿಲ್ಲ. ಕೋಲು ಜಾಸ್ತಿ ದೂರ ಹೋಗಿ ಬಂದಷ್ಟೂ ಕೈಗೆ ಶ್ರಮ ಕಡಿಮೆ, ಮೊಣಕೈ ಒಂದು ಶೆಲ್ಫ್ ಮೇಲಿದೆ ಅಂದುಕೊಂಡು ಅದನ್ನು ಮೇಲೆತ್ತದೆ ಹಿಂದೆ ಮುಂದೆ ಜಾರಿಸಿ ಅನ್ನುತ್ತಿದ್ದರು. ನಿಮ್ಮ ಮೇಷ್ಟ್ರ ಅಂಗೈಯೇ ಆ ಶೆಲ್ಫ್!

ಲೆಫ್ಟಿ ನಿಮ್ಮ ಮೇರಿಲ್ಯಾಂಡ್‌ನವರೇ, 1925ರಲ್ಲಿ ಫ್ರೆಡರಿಕ್ ಪಟ್ಟಣದಲ್ಲಿ ಹುಟ್ಟಿದವರು. ಹೆಸರು ಬರ್ನಾರ್ಡ್, ಎಡಚರಾದ್ದರಿಂದ ಲೆಫ್ಟಿ. ಚಿಕ್ಕ ವಯಸ್ಸಿಗೇ ಅಪ್ಪ ಹೋದರು, ಹುಡುಗ ಕ್ಯಾಟ್‌ಫಿಶ್ ಹಿಡಿದು ಮಾರುತ್ತಿದ್ದ. ಎರಡನೇ ಮಹಾಯುದ್ಧ ಮುಗಿಸಿ ಬಂದ ಮೇಲೆ, 1947ರಲ್ಲಿ, ಜೋ ಬ್ರೂಕ್ಸ್ ಎಂಬ ಬರಹಗಾರರ ಜೊತೆ ಪೊಟೊಮ್ಯಾಕ್ ನದಿಗೆ ಹೋದರು. ಹಾರುವ ಇರುವೆಗಳು ನೀರಿಗೆ ಬೀಳುತ್ತಿದ್ದವು, ಮೀನುಗಳು ಎದ್ದೆದ್ದು ತಿನ್ನುತ್ತಿದ್ದವು. ಬ್ರೂಕ್ಸ್ ಸುಮ್ನೆ ನೀರಲ್ಲಿ ಉಂಗುರ ಎದ್ದ ಕಡೆ ಫ್ಲೈ ಇಟ್ಟರು, ಮೀನು ಬಂತು. ಇನ್ನೊಂದು ಉಂಗುರ, ಇನ್ನೊಂದು ಮೀನು. ಲೆಫ್ಟಿ ತಡಮಾಡದೆ ಹೋಗಿ ಫ್ಲೈ ಕೋಲು ಕೊಂಡರು. ಬ್ರೂಕ್ಸ್ 1972ರಲ್ಲಿ ತೀರಿಕೊಂಡರು. ಅದಾದ ಮೇಲೂ, ತಾವೇ ಮುದುಕರಾದ ಮೇಲೂ, ಲೆಫ್ಟಿ ಆ ಇರುವೆ ಕಥೆಯನ್ನು ಹೇಳುತ್ತಲೇ ಇದ್ದರು. 2018ರಲ್ಲಿ, 93ನೇ ವಯಸ್ಸಿನಲ್ಲಿ ಹೋದರು.

ನೀವೂ ಅಂದು ಅಂಗೈ ಕಥೆ ಒಂದನ್ನು ಹೇಳಿದ್ದರೆ ಸಾಕಿತ್ತು. ಈಗಲೂ ಏನೂ ತಡವಾಗಿಲ್ಲ, ಆ ಅಮ್ಮನಿಗೆ ಒಂದು ಕಾಗದ ಬರೆಯಿರಿ, ಇಮೇಲ್ ಬೇಡ. ‘ತುಂಬ ದೊಡ್ಡ ಮನುಷ್ಯ’ ಅಂತೆಲ್ಲ ಅವರಿಗೆ ನೂರು ಜನ ಹೇಳಿರುತ್ತಾರೆ. ಗಂಡ ನದಿಯಲ್ಲಿ ನಿಂತು ಏನು ಮಾಡುತ್ತಿದ್ದರು ಅನ್ನೋದು ಮನೆಯಲ್ಲಿದ್ದವರಿಗೆ ಎಲ್ಲಿ ಗೊತ್ತಿರುತ್ತೆ, ಅಲ್ವಾ?

ಆ ಬಿಳಿ ಫ್ಲೈ ‘ಲೆಫ್ಟೀಸ್ ಡಿಸೀವರ್’ ಇರಬೇಕು. ಚೆಸಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್ ಮೀನಿಗೆಂದು ಲೆಫ್ಟಿ ಮಾಡಿದ್ದು. ಗರಿಯನ್ನು ಕೊಕ್ಕೆಯ ಹಿಂತುದಿಯಲ್ಲಿ ಕಟ್ಟಿರುತ್ತಾರೆ, ಎಸೆಯುವಾಗ ಅದು ಕೊಕ್ಕೆಗೆ ಸುತ್ತಿಕೊಳ್ಳಬಾರದು ಅಂತ. 1991ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂದಿದೆ. ಗನ್‌ಪೌಡರ್‌ನ ಟ್ರೌಟ್ ಮೀನಿಗೆ ಅದು ದೊಡ್ಡದಾಯಿತು, ಅದಕ್ಕೇ ನೀವು ನೋಡಿಲ್ಲ. ಒಂದು ದಿನ ಅದನ್ನು ಕೊಲ್ಲಿಗೇ ತೆಗೆದುಕೊಂಡು ಹೋಗಿ.

ಉಳಿದವನ್ನು ಬಳಸಿ. ಪ್ರತಿ ಬಗೆಯಲ್ಲೂ ಒಂದೊಂದನ್ನು ಮಾತ್ರ ತೆಗೆದಿಡಿ, ಮುಂದೆ ನೀವೇ ಕಟ್ಟುವಾಗ ಮಾದರಿಗೆ ಬೇಕಾಗುತ್ತದೆ. ಒದ್ದೆ ಫ್ಲೈ ಡಬ್ಬಿಗೆ ಹಾಕಬೇಡಿ, ಎಲ್ಲಕ್ಕೂ ತುಕ್ಕು ಹಿಡಿಯುತ್ತೆ. ಕೆಲವು ಕೊಂಬೆಗೆ ಸಿಕ್ಕಿಕೊಂಡು ಕಿತ್ತುಹೋಗುತ್ತವೆ, ಹೋಗಲಿ ಬಿಡಿ. ಮೇಷ್ಟ್ರದ್ದೇ ಆ ದಂಡೆಯ ಮರಗಳಲ್ಲಿ ಎಷ್ಟು ನೇತಾಡುತ್ತಿವೆಯೋ.