ಉದ್ಯಾನಕ್ಕೆ ಬಿಟ್ಟ ಜಾಗ ಉದ್ಯಾನವಾಗಿಯೇ ಉಳಿಯಲಿ

ಪ್ರಶ್ನೆ: ಮಾನ್ಯರೇ, ನಾವು ದಾವಣಗೆರೆಯ ಅಂಚಿನ ಹೊಸ ಬಡಾವಣೆಯೊಂದರ ನಿವಾಸಿಗಳು. ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿರುವ ಜಾಗದಲ್ಲಿ ಈಗ ಮನೆ ಕಟ್ಟುವವರು ಮಣ್ಣು, ಒಡೆದ ಇಟ್ಟಿಗೆ ಸುರಿಯುತ್ತಿದ್ದಾರೆ. ಕೆಲವರು ಅಲ್ಲಿ ಸಮುದಾಯ ಭವನ ಕಟ್ಟೋಣ ಎನ್ನುತ್ತಾರೆ. ಇನ್ನು ಕೆಲವರಿಗೆ ಕಾರಂಜಿ, ವ್ಯಾಯಾಮದ ಸಲಕರಣೆ ಬೇಕು. ನಡೆದಾಡಲು ಕುಂದುವಾಡ ಕೆರೆಗೆ ಹೋಗೋಣವೆಂದರೆ ವಯಸ್ಸಾದವರಿಗೆ ಆಟೊ ಬೇಕಾಗುತ್ತದೆ. ನಾವು ಮೊದಲು ಯಾವುದಕ್ಕೆ ಕೈ ಹಾಕಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಾರಂಜಿಯ ಮಾತು ಆಮೇಲಿರಲಿ, ಮೊದಲು ಜಾಗವನ್ನು ಭದ್ರಪಡಿಸಿಕೊಳ್ಳಿ. ನಗರಾಭಿವೃದ್ಧಿ ಪ್ರಾಧಿಕಾರದಿಂದ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನು ಪಡೆಯಿರಿ. ಕೊಡಲು ಸತಾಯಿಸಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಬಡಾವಣೆ ಮಾಡಿದವರು ಉದ್ಯಾನದ ಜಾಗವನ್ನು ನೋಂದಾಯಿತ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿದ್ದಾರೆಯೇ, ಅಲ್ಲಿಂದ ಅದು ಪಾಲಿಕೆಗೆ ಹಸ್ತಾಂತರವಾಗಿದೆಯೇ ಎಂಬುದನ್ನು ಕಾಗದದಲ್ಲಿಯೇ ನೋಡಿ. ಬಳಿಕ ಅಳತೆ ಮಾಡಿಸಿ ಹದ್ದುಬಸ್ತು ಕಲ್ಲು ನೆಡಿಸಿ, ತಂತಿಬೇಲಿ ಹಾಕಲು ಲಿಖಿತವಾಗಿ ಕೇಳಿ. ಇಷ್ಟಾದ ಮೇಲೆ ಮಣ್ಣು ಸುರಿಯುವವರನ್ನು ತಡೆದು ನಿಲ್ಲಿಸಲು ನಿಮಗೆ ಬಲ ಬರುತ್ತದೆ.

ಸಮುದಾಯ ಭವನದ ಬೇಡಿಕೆಗೆ ನಾನು ಒಪ್ಪಲಾರೆ. ಅಂತಹ ಕಟ್ಟಡಕ್ಕೆ ನಕ್ಷೆಯಲ್ಲಿ ನಾಗರಿಕ ಸೌಲಭ್ಯದ ನಿವೇಶನ, ಅಂದರೆ ನೀವೆಲ್ಲ ಸಿ.ಎ. ಸೈಟು ಎನ್ನುವ ಜಾಗ, ಬೇರೆಯೇ ಇರುತ್ತದೆ. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ಆಸ್ಪತ್ರೆಯಂತಹ ಒಳ್ಳೆಯ ಉದ್ದೇಶಕ್ಕೂ ಬಿಟ್ಟುಕೊಡಲಾಗದ ಜಾಗವನ್ನು ಮದುವೆ ಊಟದ ಸಭಾಂಗಣಕ್ಕೆ ಬಿಟ್ಟುಕೊಡುವುದು ಹೇಗೆ?

ನಿಮ್ಮದು ಚಿಕ್ಕ ಜಾಗವೆಂದು ಕಡೆಗಣಿಸಬೇಡಿ. ಕೇಂದ್ರ ಸರ್ಕಾರದ ನಗರ ಯೋಜನಾ ಮಾರ್ಗಸೂಚಿ ತಲಾ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕೆನ್ನುತ್ತದೆ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ, ಆ ಲೆಕ್ಕಕ್ಕೇ ಕನಿಷ್ಠ 1,075 ಎಕರೆ ಬೇಕಾಗುತ್ತದೆ. ಊರು ಆಗಿನಿಂದ ಬೆಳೆಯುತ್ತಲೇ ಇದೆ. ಅದೇ ಮಾರ್ಗಸೂಚಿಯಂತೆ 5,000 ಜನರಿಗೆ ಅರ್ಧ ಹೆಕ್ಟೇರಿನ ಒಂದು ಉದ್ಯಾನ, 15,000 ಜನರಿಗೆ ಒಂದು ಹೆಕ್ಟೇರಿನದು, ಒಂದು ಲಕ್ಷ ಜನರಿಗೆ 5 ಹೆಕ್ಟೇರಿನದು ಇರಬೇಕು. ಕುಂದುವಾಡ ಕೆರೆ, ಗಾಜಿನ ಮನೆಯಂತಹ ತಾಣಗಳು ಊರಿಗೆಲ್ಲ ಬೇಕು, ನಿಜ. ಆದರೆ ಮಂಡಿನೋವಿರುವ ಅಜ್ಜಿಗೆ, ಸೈಕಲ್ ಕಲಿಯುವ ಮಗುವಿಗೆ ಮನೆಯಿಂದ ಹತ್ತು ನಿಮಿಷದ ನಡಿಗೆಯೊಳಗಿನ ಜಾಗವೇ ಉದ್ಯಾನ.

ಇನ್ನು ಒಳಗೆ ಏನಿರಬೇಕು ಎಂಬ ಮಾತು. ಕೆಲವು ವರ್ಷಗಳ ಹಿಂದೆ, ಉದ್ಯಾನವೊಂದರ ಬಗ್ಗೆ ಸಲಹೆ ಕೊಡುವ ಮೊದಲು ನಾನು ಎರಡು ದಿನ ಸಂಜೆ ಅಲ್ಲಿಯೇ ಕುಳಿತು ನೋಡಿದ್ದೆ. ಬಿಸಿಲಿಗೆ ಕಾದ ಕಬ್ಬಿಣದ ಸಲಕರಣೆಗಳನ್ನು ಐದೂವರೆಯಾದರೂ ಯಾರೂ ಮುಟ್ಟುತ್ತಿರಲಿಲ್ಲ. ಒಳಗಿನ ಕಲ್ಲುಬೆಂಚುಗಳು ಖಾಲಿಯಿದ್ದವು. ಗೇಟಿನ ಹೊರಗೆ ಹೊಂಗೆಮರದ ನೆರಳು ಬೀಳುತ್ತಿದ್ದ ಮೋರಿಕಟ್ಟೆಯ ಮೇಲೆ ನಾಲ್ವರು ಹೆಂಗಸರು ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ಜನ ನೆರಳನ್ನು ಹುಡುಕಿಕೊಂಡು ಕೂರುತ್ತಾರೆಯೇ ಹೊರತು ಬೆಂಚನ್ನಲ್ಲ ಎಂಬುದು ನನಗೆ ಅಂದು ಮನದಟ್ಟಾಯಿತು. ಆದ್ದರಿಂದ ಈ ಮಳೆಗಾಲದಲ್ಲಿಯೇ ಹೊಂಗೆ, ಬೇವು, ಹುಣಸೆ ಸಸಿಗಳನ್ನು ನೆಡಿ. ಹುಲ್ಲುಹಾಸು ಬೇಡ, ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಲೆಕ್ಕ ಹಾಕುವ ಊರಿನಲ್ಲಿ ಅದನ್ನು ಸಾಕುವುದು ಕಷ್ಟ. ನಿಮ್ಮದು ಎರೆಮಣ್ಣಾಗಿದ್ದರೆ ನಡಿಗೆದಾರಿಗೆ ಸಿಮೆಂಟ್ ಇಟ್ಟಿಗೆ ಹಾಸುವ ಮುನ್ನ ಎರಡು ಸಲ ಯೋಚಿಸಿ: ಆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಹಾಸು ಎದ್ದು ಕಾಲಿಗೆ ತಾಗುತ್ತದೆ. ಮೇಲ್ಪದರದ ಎರೆಯನ್ನು ತೆಗೆದು ಮೊರಂ ತುಂಬಿ ದಮ್ಮಸು ಮಾಡಿದ ದಾರಿ ಸಾಕು. ದೀಪ, ಶೌಚಾಲಯ, ಕುಡಿಯುವ ನೀರು ಇವು ಮೂರೂ ಇಲ್ಲದ ಕಡೆಗೆ ಹೆಣ್ಣುಮಕ್ಕಳು ಬರುವುದಿಲ್ಲ. ಮಧ್ಯಾಹ್ನ ಗೇಟಿಗೆ ಬೀಗ ಹಾಕುವ ಪದ್ಧತಿಯನ್ನು ದಯವಿಟ್ಟು ಆರಂಭಿಸಲೇಬೇಡಿ.

ಪ್ರಶ್ನೆ: ಚಿತ್ರದುರ್ಗದ ಗುಡ್ಡಗಳಲ್ಲಿ ನಡಿಗೆದಾರಿ ಮಾಡುವುದಾದರೆ ಕಾಂಕ್ರೀಟ್ ಹಾಕಿಸುವುದು ಒಳ್ಳೆಯದಲ್ಲವೇ?
– ಮತ್ತೊಬ್ಬ ಓದುಗರು, ಚಿತ್ರದುರ್ಗ

ಉತ್ತರ: ಬೇಡ. ಕಾಂಕ್ರೀಟ್ ಮೇಲೆ ಬಿದ್ದ ಮಳೆ ಇಂಗದೆ ರಭಸದಿಂದ ಇಳಿದು ಅಂಚಿನ ಮಣ್ಣನ್ನು ಕೊಚ್ಚುತ್ತದೆ. ದಾರಿ ನೇರವಾಗಿ ಏರದೆ ಗುಡ್ಡದ ಮಗ್ಗುಲಿನಲ್ಲಿ ಓರೆಯಾಗಿ ಸಾಗಲಿ. ನೂರು ಅಡಿ ನಡೆದರೆ ಸುಮಾರು ಹತ್ತು ಅಡಿ ಏರಿದರೆ ಸಾಕು. ಅಲ್ಲಲ್ಲಿ ಅಡ್ಡಗಲ್ಲು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಿ. ಕೋಟೆಯ ಮೇಲೆ ಬಿದ್ದ ಮಳೆಯನ್ನು ಒಂದು ಹೊಂಡದಿಂದ ಮತ್ತೊಂದಕ್ಕೆ ಹರಿಸಿ ಕೊನೆಗೆ ಊರಿನ ಸಂತೆಹೊಂಡಕ್ಕೆ ತಲುಪಿಸಿದ ಹಿರಿಯರು ನಿಮ್ಮೂರಿನವರೇ. ನೀರಿನ ದಾರಿಯನ್ನು ನೋಡಿಕೊಂಡು ಕಾಲಿನ ದಾರಿಯನ್ನು ಹಾಕುವ ಕ್ರಮ ನಿಮಗೆ ಹೊಸದಲ್ಲ. ಜೋಗಿಮಟ್ಟಿಯ ಕಡೆಗಾದರೆ ಅದು ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗುದ್ದಲಿ ಹಾಕುವಂತಿಲ್ಲ. ಅಲ್ಲಿ ಹೊಸ ದಾರಿ ಕೇಳುವುದಕ್ಕಿಂತ ಈಗಿರುವ ದಾರಿಯನ್ನೇ ದುರಸ್ತಿ ಮಾಡಿಕೊಡಿ ಎಂದು ಕೇಳುವುದು ಸರಿ.