ಮೂರು ಗಂಟೆಗೆ ಕಾದ ಕೋಣೆ: ತಪ್ಪು ಗೋಡೆಯದೋ, ಕಿಟಕಿಯದೋ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಹಳ್ಳಿ ಶಾಲೆ. ಒಂದು ಕೋಣೆಯ ಪಶ್ಚಿಮಕ್ಕೆ 9 ಇಂಚಿನ ಇಟ್ಟಿಗೆ ಗೋಡೆ, ಅದರಲ್ಲಿ 4 ಅಡಿ ಚೌಕದ ಮೂರು ಗಾಜಿನ ಕಿಟಕಿ, ಮೇಲೆ ಒಂದೂವರೆ ಅಡಿ ಸಜ್ಜ. ಮಾರ್ಚ್ ಬಂತೆಂದರೆ ಮೂರರ ಮೇಲೆ ಒಳಗೆ ಕೂರಲಾಗದು. ಗೋಡೆಗೆ ಒಳಗಿನಿಂದ ಥರ್ಮಾಕೋಲ್, ಗಾಜಿಗೆ ಕಪ್ಪು ಫಿಲ್ಮ್ ಹಾಕಿಸೋಣ ಎಂದು ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತಾಗಿದೆ. ಸರಿಯೇ?

ಉತ್ತರ: ಎರಡೂ ಬೇಡ. ಮೊದಲು ಒಂದು ಪರೀಕ್ಷೆ ಮಾಡಿ: ಮೂರೂವರೆಗೆ ಪಶ್ಚಿಮ ಗೋಡೆಯ ಒಳಮೈಗೆ ಅಂಗೈ ಇಟ್ಟು, ಆಮೇಲೆ ಪೂರ್ವದ ಗೋಡೆ ಮುಟ್ಟಿ ನೋಡಿ. ಪೂರ್ವದ್ದೇ ಹೆಚ್ಚು ಬೆಚ್ಚಗಿದ್ದರೆ ಆಶ್ಚರ್ಯಪಡಬೇಡಿ. 9 ಇಂಚಿನ ಇಟ್ಟಿಗೆ ಗೋಡೆಯನ್ನು ದಾಟಿ ಶಾಖ ಒಳಬರಲು ಆರೇಳು ಗಂಟೆ ಬೇಕು. ಬೆಳಗಿನ ಒಂಬತ್ತರ ಬಿಸಿಲು ಒಳಗೆ ತಾಗುವುದು ಮಧ್ಯಾಹ್ನ ಮೂರು–ನಾಲ್ಕಕ್ಕೆ. ಪಶ್ಚಿಮ ಗೋಡೆಗೆ ಸಂಜೆ ನಾಲ್ಕಕ್ಕೆ ಬಿದ್ದದ್ದು ಒಳಗಿಳಿಯುವಾಗ ಶಾಲೆಗೆ ಬೀಗ ಬಿದ್ದು ಎಷ್ಟೋ ಹೊತ್ತಾಗಿರುತ್ತದೆ.

ಗಾಜು ಹಾಗೆ ತಡಮಾಡುವುದಿಲ್ಲ. ಬಿಸಿಲು ಬಿದ್ದ ಕ್ಷಣವೇ ಒಳಗೆ. ಮಾರ್ಚ್ ಕೊನೆಯಲ್ಲಿ ನಾಲ್ಕು ಗಂಟೆಗೆ ಪಶ್ಚಿಮದ ಗಾಜಿನ ಒಂದು ಚದರ ಮೀಟರಿನಿಂದ ಸುಮಾರು 500 ವ್ಯಾಟ್ ಒಳನುಗ್ಗುತ್ತದೆ. ನಿಮ್ಮ ಒಂದೊಂದು ಕಿಟಕಿ ಸುಮಾರು ಒಂದೂವರೆ ಚದರ ಮೀಟರ್, ಅಂದರೆ ಮೂರೂ ಕಿಟಕಿ ಸೇರಿ ಮೂರು ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟ ಹಾಗೆ. ಸಜ್ಜ ತಡೆಯುವುದಿಲ್ಲವೇ ಎಂದರೆ, ಆ ಹೊತ್ತಿಗೆ ಸೂರ್ಯ ದಿಗಂತದಿಂದ 36 ಡಿಗ್ರಿ ಆಸುಪಾಸಿನಲ್ಲಿರುತ್ತಾನೆ. ಒಂದೂವರೆ ಅಡಿ ಸಜ್ಜದ ನೆರಳು ಕಿಟಕಿಯ ಮೇಲಿನ ಒಂದಡಿಗೆ ಮುಗಿಯುತ್ತದೆ. ಪೂರ್ತಿ ಕಿಟಕಿ ನೆರಳಾಗಲು ಐದೂವರೆ ಅಡಿ ಸಜ್ಜ ಬೇಕು. ಪಶ್ಚಿಮಕ್ಕೆ ಸಜ್ಜ ಉದ್ದ ಮಾಡುವುದು ಸಿಮೆಂಟು ದಂಡ.

ಕಪ್ಪು ಫಿಲ್ಮ್ ಬಿಸಿಲನ್ನು ತಾನೇ ಹೀರಿ ಗಾಜನ್ನು ಕಾಯಿಸುತ್ತದೆ, ಅದರಲ್ಲಿ ಒಂದು ಪಾಲು ಒಳಗೇ ಬರುತ್ತದೆ. ಗಾಜಿನ ನಡುಭಾಗ ಕಾದು, ಚೌಕಟ್ಟಿನೊಳಗಿನ ಅಂಚು ತಣ್ಣಗುಳಿದರೆ ಅಂಚಿನಿಂದ ಬಿರುಕು ಏಳುವುದೂ ಉಂಟು. ಒಳಪರದೆಯದೂ ಇದೇ ಕಥೆ: ಗಾಜು ದಾಟಿದ ಬಿಸಿಲು ಪರದೆಯನ್ನು ಕಾಯಿಸಿ ಕೋಣೆಯಲ್ಲೇ ಉಳಿಯುತ್ತದೆ. ಬಿಸಿಲನ್ನು ಹೊರಗೇ ತಡೆಯಬೇಕು.

ಅಗ್ಗದ ದಾರಿ ಬಿದಿರಿನ ಚಿಕ್ (ಸುತ್ತಿಡುವ ಪರದೆ) ಅಥವಾ ನರ್ಸರಿಗೆ ಕಟ್ಟುವ 75 ಶೇಕಡಾ ನೆರಳು ಬಲೆ. ಸಜ್ಜದ ಹೊರ ಅಂಚಿನಿಂದ ಇಳಿಬಿಡಿ. ಕಿಟಕಿಗೆ ತಾಗಿಸಿ ಕಟ್ಟಿದರೆ ಬಲೆಯ ಬಿಸಿಯೇ ಒಳಗೆ ಬರುತ್ತದೆ. ನಡುವೆ ಜಾಗವಿದ್ದರೆ ಕಾದ ಗಾಳಿ ಮೇಲಕ್ಕೆ ಹೋಗಿಬಿಡುತ್ತದೆ. ಎರಡೂ ಬದಿಗೆ ಒಂದೊಂದು ಅಡಿ ಹೆಚ್ಚಿರಲಿ, ಬಿಸಿಲು ನೈಋತ್ಯದಿಂದ ಓರೆಯಾಗಿ ನುಗ್ಗುತ್ತದೆ. ಕೆಳಗಿನ ಮಡಿಕೆಯಲ್ಲಿ ಅರ್ಧ ಇಂಚಿನ ಜಿಐ ಪೈಪ್ ತೂರಿಸಿ ಕೊಕ್ಕೆಗೆ ಕಟ್ಟಿ, ಇಲ್ಲದಿದ್ದರೆ ಗಾಳಿಗೆ ಹರಿದುಹೋಗುತ್ತದೆ. ಊಟದ ಗಂಟೆಗೆ ಇಳಿಸಿ, ಬೆಳಗ್ಗೆ ಸುತ್ತಿಡಿ. ಬೋರ್ಡಿಗೆ ಬೆಳಕು ಬೇಕಲ್ಲ. ಕಿಟಕಿಯ ಮುಂದೆ ಫರಸಿ ಹಾಸಿದ್ದರೆ ನಾಲ್ಕೈದು ಅಡಿ ತೆಗೆದು ಗಿಡ ಹಚ್ಚಿ: ಕಾದ ಕಲ್ಲಿನ ಶಾಖ, ಹೊಳಪು ಎರಡೂ ಸಜ್ಜದ ಕೆಳಗಿನಿಂದ ಒಳಗೆ ಬರುತ್ತವೆ.

ಥರ್ಮಾಕೋಲ್ ತರಗತಿಯೊಳಗೆ ಎಂದಿಗೂ ಬೇಡ. ಕಿಡಿ ತಾಗಿದರೆ ಕರಗಿ ಹತ್ತಿಕೊಂಡು ದಟ್ಟ ಹೊಗೆ ಬಿಡುತ್ತದೆ. ಗೋಡೆಗೆ, ಮುಖ್ಯವಾಗಿ ಪೂರ್ವದ್ದಕ್ಕೆ, ಹೊರಗಿನಿಂದ ಬಿಳಿ ಸುಣ್ಣ ಎರಡು ಕೈ ಸಾಕು. ಸುಣ್ಣ ರಾತ್ರಿಯಿಡೀ ನೆನೆದು, ಬಟ್ಟೆಯಲ್ಲಿ ಸೋಸಿ, ಅಂಟು ಕಲಸಿರಬೇಕು. ಮಿಕ್ಕಿದ್ದನ್ನು ತಾರಸಿಗೆ ಬಳಿಯಿರಿ. ನಾಲ್ಕೈದು ಇಂಚಿನ ಆರ್‌ಸಿಸಿ ದಾಟಲು ಶಾಖಕ್ಕೆ ಮೂರು ಗಂಟೆ ಸಾಕು, ನೆತ್ತಿಯ ಬಿಸಿಲು ಸರಿಯಾಗಿ ಮೂರಕ್ಕೆ ತಲೆಯ ಮೇಲೆ ಇಳಿಯುತ್ತದೆ. ರಾತ್ರಿ ಸರಳಿರುವ ಕಿಟಕಿ, ವೆಂಟಿಲೇಟರ್ ತೆರೆದೇ ಇರಲಿ. ಮುಚ್ಚಿಟ್ಟರೆ ನಿನ್ನೆಯ ಶಾಖದಲ್ಲೇ ಇವತ್ತಿನ ಪ್ರಾರ್ಥನೆ.

ಪ್ರಶ್ನೆ: ಉಡುಪಿ ಕಡೆಯ ನಮ್ಮ ಶಾಲೆಯ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹಾಕಬಹುದೇ?

ಉತ್ತರ: ತಟ್ಟಿ ಕಟ್ಟಿ, ನೀರು ಬೇಡ. ಒಣಹವೆಯ ಕಲಬುರಗಿಯಲ್ಲಿ ನೀರು ಆವಿಯಾಗಿ ಗಾಳಿ ತಂಪಾಗುತ್ತದೆ. ನಿಮ್ಮಲ್ಲಿ ಗಾಳಿಯೇ ಹಸಿ. ಇನ್ನಷ್ಟು ನೀರು ಸೇರಿದರೆ ಬೆವರು ಆರುವುದಿಲ್ಲ. ಎದುರುಬದುರು ಗೋಡೆಗಳಲ್ಲಿ, ಕೂತ ಮಗುವಿನ ಮೈಗೆ ಗಾಳಿ ತಾಗುವ ಎತ್ತರಕ್ಕೆ, ಅಂದರೆ ನೆಲದಿಂದ ಎರಡು–ಎರಡೂವರೆ ಅಡಿಯಲ್ಲಿ ಶುರುವಾಗುವ ಕಿಟಕಿಗಳಿರಲಿ. ಗಾಳಿ ಬರುವ ಕಡೆಯ ಕಿಟಕಿಗೆ ಬೀರು ಅಡ್ಡ ಇಟ್ಟಿದ್ದರೆ ಅದನ್ನು ಇವತ್ತೇ ಸರಿಸಿ.